ಗಸಿ ಇಳಿಯುವ ಹೊತ್ತು

ನೀರು ತಿಳಿಯಾಗಬೇಕಾದರೆ ಇಷ್ಟು ಹೊತ್ತು ಕಾಯಲೇಬೇಕು ಎಂಬ ಮಾತನ್ನು ಪಂಪಾಪತಿ ಒಪ್ಪಲಿಲ್ಲ. ಕರಿಗುಡ್ಡದಲ್ಲಿ ಆಮೇಲೆ ನಡೆದದ್ದಕ್ಕೆಲ್ಲ ಮೂಲ ಅದೇ.

ಕರಿಗುಡ್ಡ ಹತ್ತಿ ಗಿರಣಿಗಳ ಊರು. ಮನೆಮನೆಗೆ ಟ್ರಾನ್ಸಿಸ್ಟರ್ ಬಂದಿತ್ತು, ಟೆಲಿಫೋನು ಮಾತ್ರ ಇನ್ನೂ ಸಾಹುಕಾರರ ಮನೆಯಲ್ಲೇ ಇತ್ತು, ಅಂಥ ಕಾಲ. ಗಿರಣಿ ಹೆಚ್ಚಿದಂತೆ ಜನ ಹೆಚ್ಚಿದರು, ಜನ ಹೆಚ್ಚಿದಂತೆ ಕೊಳಚೆ ಹೆಚ್ಚಿತು. ಅದೆಲ್ಲ ಹಿರೇಹಳ್ಳಕ್ಕೆ ಇಳಿದು ಗಿರಣಿಪಾಳ್ಯದ ಮಗ್ಗುಲಲ್ಲೇ ಹರಿಯುತ್ತಿತ್ತು. ಬೇಸಿಗೆ ಬಂತೆಂದರೆ ಪಾಳ್ಯದಲ್ಲಿ ವಾಂತಿಭೇದಿ ತಪ್ಪುತ್ತಿರಲಿಲ್ಲ. ಕೊನೆಗೆ ಊರಾಚೆ ಒಂದು ಸೆಟ್ಲಿಂಗ್ ಟ್ಯಾಂಕು ಕಟ್ಟಿದರು. ಅದರ ಉಸ್ತುವಾರಿಗೆ ಬಂದವನು ಪಂಪಾಪತಿ, ನಲವತ್ತು ದಾಟಿದ ಇಂಜಿನಿಯರ್.

ಕೆಲಸದವರ ಬಾಯಲ್ಲಿ ಅದು ಬರೀ ತೊಟ್ಟಿ. ಅದರ ಕೆಲಸ ಬಹಳ ಸರಳ. ಕೊಳಚೆ ನೀರು ಒಂದು ತುದಿಯಲ್ಲಿ ಒಳಗೆ ಬಂದು ಆಮೆಯ ನಡಿಗೆಯಲ್ಲಿ ಇನ್ನೊಂದು ತುದಿಗೆ ಸಾಗಬೇಕು. ಸಾಗುವಾಗ ಭಾರದ್ದೆಲ್ಲ ತಳಕ್ಕೆ ಕುಳಿತು ಗಸಿಯಾಗಬೇಕು, ಮೇಲಿನ ತಿಳಿ ಮಾತ್ರ ಅಂಚು ದಾಟಿ ಹೊರಗೆ ಬೀಳಬೇಕು. ಹೀಗಾಗಲು ಎರಡು ಗಂಟೆ ಬೇಕು. ಆದರೆ ಟ್ಯಾಂಕು ಕಟ್ಟಿ ಮುಗಿಯುವಷ್ಟರಲ್ಲಿ ಊರು ಇಮ್ಮಡಿಯಾಗಿತ್ತು. ನೀರು ಆಮೆಯಂತೆ ಸಾಗದೆ ಬಸ್ಸು ಹಿಡಿಯುವವರಂತೆ ಓಡುತ್ತಿತ್ತು, ಗಸಿಯನ್ನೂ ಹೊತ್ತುಕೊಂಡೇ ಹಳ್ಳಕ್ಕೆ ಬೀಳುತ್ತಿತ್ತು. ಇನ್ನೊಂದು ಟ್ಯಾಂಕು ಕಟ್ಟೋಣವೆಂದರೆ ಸುತ್ತಲೂ ಕಪ್ಪು ಬಂಡೆ. ಊರಿಗೆ ಊರೇ ಒಂದೇ ಬಂಡೆಯ ಮೇಲೆ ಕೂತಿತ್ತು. ಅದನ್ನು ಸಿಡಿಸಿ ಹೊಂಡ ತೋಡಲು ವರ್ಷಗಟ್ಟಲೆ ಹಿಡಿಯುತ್ತದೆ ಎಂದು ಎಲ್ಲರೂ ಕೈಚೆಲ್ಲಿದ್ದರು.

ಪಂಪಾಪತಿಗೆ ಉಪಾಯ ಹೊಳೆದದ್ದು ತನ್ನ ಮನೆಯ ಬಾಗಿಲಲ್ಲಿ. ಮಂಡಕ್ಕಿ ಮಾರುವವಳು ಸೇರಿನಲ್ಲಿ ಅಳೆದು ಹಾಕುತ್ತಿದ್ದಳು. ಅವನ ಹೆಂಡತಿ ಸರ್ವಮಂಗಳಾ ಸುಮ್ಮನೆ ಅಳೆಸಿಕೊಳ್ಳುವವಳಲ್ಲ. "ತಟ್ಟಿ ಅಳಿಯವ್ವ, ತಟ್ಟಿ ಅಳಿ" ಅಂದಳು. ಮಾರುವವಳು ಮುಖ ಊದಿಸಿಕೊಂಡು ಸೇರನ್ನು ನಾಲ್ಕು ಸಲ ತಟ್ಟಿದಳು. ತುಂಬಿದ್ದ ಮಂಡಕ್ಕಿ ಎರಡು ಬೆರಳು ಕೆಳಗಿಳಿಯಿತು. ಪಂಪಾಪತಿ ಕೈಯಲ್ಲಿದ್ದ ಕಾಫಿ ಮರೆತು ನೋಡುತ್ತ ನಿಂತ. ತೊಟ್ಟಿಯನ್ನೂ ಹೀಗೆ ತಟ್ಟಿದರೆ?

ಎರಡು ವರ್ಷ ಅದರ ಹಿಂದೆ ಬಿದ್ದ. ತೊಟ್ಟಿಯ ತಳದಲ್ಲಿ ಉಕ್ಕಿನ ಅಗಲವಾದ ಫಲಕಗಳನ್ನು ಕೂರಿಸಿ, ಅವು ಕರೆಂಟಿನಿಂದ ಸದಾ ಅದುರುವಂತೆ ಮಾಡಿದ. ಬರೀ ಅದುರಿದರೆ ಸಾಲದು. ಜೋರಾಗಿ ಅದುರಿದರೆ ನೀರು ಕದಡುತ್ತದೆ. ಆದರೆ ಕಿವಿಗೆ ಕೇಳಿಸದಷ್ಟು ತಗ್ಗಿನ ಒಂದು ಶ್ರುತಿಯಿದೆ. ಅಲ್ಲಿಗೆ ಬಂದಾಗ ನೀರಿನಲ್ಲಿ ಬೇರೆಬೇರೆ ತೇಲುವ ಸಣ್ಣ ಕಣಗಳು ಒಂದನ್ನೊಂದು ಹತ್ತಿಕೊಂಡು ಗುಂಪಾಗುತ್ತವೆ, ಗುಂಪಾದದ್ದು ಭಾರವಾಗುತ್ತದೆ, ಭಾರವಾದದ್ದು ಇಳಿಯುತ್ತದೆ. ಆ ಶ್ರುತಿ ಅವನಿಗೆ ಸಿಕ್ಕಿತು. ಕಂಟ್ರೋಲ್ ರೂಮಿನಲ್ಲಿ ಒಂದು ತಿರುಗುಗುಂಡಿ, ಅದರ ಸುತ್ತ ಒಂದರಿಂದ ಹತ್ತರ ತನಕ ಗುರುತು. ಕೆಲಸದವರು ಯಂತ್ರಕ್ಕೆ ತಟ್ಟವ್ವ ಎಂದು ಹೆಸರಿಟ್ಟರು.

ತಟ್ಟವ್ವನನ್ನು ಮೂರಕ್ಕೆ ತಿರುಗಿಸಿದ ಮೊದಲ ದಿನವೇ, ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ತೊಟ್ಟಿ ತಿಳಿಯಾಯಿತು. ಕೆಲಸದವರು ಹೋ ಎಂದು ಕೂಗಿದರು. ಪಂಪಾಪತಿಗೆ ಕಣ್ಣು ತುಂಬಿ ಬಂತು.

ಆದರೆ ಯಾವ ಪ್ರಯೋಗಕ್ಕೂ ಒಂದು ಸಾಕ್ಷಿ ಬೇಕು. ಯಂತ್ರ ತಟ್ಟಿದ ನೀರಿನ ಪಕ್ಕದಲ್ಲಿ ತಟ್ಟದ ನೀರೂ ಇದ್ದರಲ್ಲವೇ ವ್ಯತ್ಯಾಸ ಕಾಣುವುದು? ಅದಕ್ಕೆಂದೇ ಅದೇ ಕೊಳಚೆಯನ್ನು ಒಂದು ಗಾಜಿನ ಜಾಡಿಯಲ್ಲಿ ತುಂಬಿ ಆಫೀಸಿನ ಮೇಜಿನ ಮೇಲೆ ಇಟ್ಟಿದ್ದ. ಹೆಸರು ಸಾಕ್ಷಿ ಜಾಡಿ. ಅದು ಎರಡು ಗಂಟೆ ತೆಗೆದುಕೊಳ್ಳಬೇಕಿತ್ತು. ಓಡಿ ಬಂದು ನೋಡಿದರೆ, ತೊಟ್ಟಿಯಷ್ಟೇ ಬೇಗ ಜಾಡಿಯೂ ತಿಳಿಯಾಗಿ ಕೂತಿತ್ತು.

ಮುಂದಿನ ವಾರ ನೋಡಲು ಬಂದ ಚೀಫ್ ಇಂಜಿನಿಯರ್ ರಂಗಧಾಮಯ್ಯನವರು ಜಾಡಿಯನ್ನೊಮ್ಮೆ, ಪಂಪಾಪತಿಯನ್ನೊಮ್ಮೆ ನೋಡಿದರು. ಮೈಸೂರು ಕಡೆಯವರು, ಬೈಯುವುದನ್ನೂ ಮೆತ್ತಗೆ ಬೈಯುವವರು.

"ಏನ್ರೀ ಪಂಪಾಪತಿ, ಯಂತ್ರ ಇಲ್ದೇನೇ ಇಷ್ಟು ಬೇಗ ತಿಳಿಯಾಗುತ್ತಲ್ರೀ. ಹಂಗಾದ್ರೆ ನಿಮ್ಮ ಯಂತ್ರ ಏನು ಮಾಡ್ತಿದೆ?"

ಪಂಪಾಪತಿ ಜಾಡಿಯನ್ನು ಇನ್ನೊಮ್ಮೆ ಅಲುಗಿಸಿ ಇಟ್ಟ. ಈ ಕಾಲದಲ್ಲಿ ಕೊಳಚೆಯೇ ಹಾಗಿರಬಹುದು, ಯಂತ್ರದ ಜೋರು ಸಾಲದಿರಬಹುದು ಅಂದುಕೊಂಡ. ಗುಂಡಿಯನ್ನು ಐದಕ್ಕೆ ತಿರುಗಿಸಿದ. ತೊಟ್ಟಿ ಇನ್ನೂ ಬೇಗ ತಿಳಿಯಾಯಿತು, ಜಾಡಿಯೂ ಇನ್ನೂ ಬೇಗ ತಿಳಿಯಾಯಿತು. ತೊಟ್ಟಿಯ ಪಕ್ಕದಲ್ಲೇ ಇರುವುದರಿಂದ ಜಾಡಿಗೂ ಅದುರು ತಾಗುತ್ತಿದೆಯೇನೋ ಎಂಬ ಅನುಮಾನ ಅವನಿಗೆ ಬಾರದೆ ಇರಲಿಲ್ಲ. ಬಂತು, ಆದ್ದರಿಂದಲೇ ಜಾಡಿಯನ್ನು ಅರ್ಧ ಮೈಲಿ ಆಚೆಗಿದ್ದ ತನ್ನ ಮನೆಗೆ ಒಯ್ದ. ಅಲ್ಲಿಗೆ ತನ್ನ ಬುದ್ಧಿವಂತಿಕೆ ಮುಗಿಯಿತು ಎಂದು ಅವನಿಗೆ ತಿಳಿಯಲಿಲ್ಲ.

"ಏನ್ರೀ ಇದು?" ಮಂಗಳಾ ಬಾಗಿಲಲ್ಲೇ ತಡೆದಳು.

"ಸಾಕ್ಷಿ ಜಾಡಿ."

"ಸಾಕ್ಷೀನೋ ಗೀಕ್ಷೀನೋ! ಊರವರ ಹೊಲಸು ತಂದು ಮನೇಲಿಡ್ತೀರಲ್ಲ, ತಲೆ ಗಿಲೆ ಕೆಟ್ಟೈತಾ?"

"ಮುಚ್ಚಳ ಬಿಗಿ ಐತೆ, ನೋಡು ಬೇಕಾದ್ರೆ."

"ನಾನ್ಯಾಕೆ ನೋಡ್ಲಿ? ಅಡಿಗೆಮನೆ ಕಡೆ ಏನಾದ್ರೂ ತಂದ್ರೋ, ನಾನು ತವರಿಗೆ ಹೊಂಟೆ ಅಂತ ತಿಳ್ಕೊಳ್ರಿ."

ನ್ಯಾಯ ತೀರಿಸಿದವಳು ನೀಲಾಂಬಿಕೆ, ಪಂಪಾಪತಿಯ ತಂಗಿ. "ನನ್ನ ಕೋಣೆ ಕಿಟಕಿ ಹೊರಗಿಡು ಅಣ್ಣ. ನಾನೇ ನೋಡ್ಕಂತೀನಿ" ಅಂದಳು.

ನೀಲಾಂಬಿಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಹುಡುಗಿಯಾಗಿದ್ದಾಗ ಬೆನ್ನೆಲುಬಿಗೆ ಕ್ಷಯ ತಗುಲಿ ಎರಡು ವರ್ಷ ಮಲಗಿದ್ದು ಎದ್ದವಳು. ಮದುವೆಯ ಮಾತು ಅಲ್ಲಿಗೇ ನಿಂತಿತ್ತು. ಅದನ್ನೇ ಕೊರಗುತ್ತ ಕೂರದೆ ಪರೀಕ್ಷೆ ಬರೆದು ಕೆಲಸ ಹಿಡಿದಿದ್ದಳು. ಅವಳ ಕಿವಿ ಊರಿಗೇ ಹೆಸರುವಾಸಿ. ಸಾಹುಕಾರರು ನಂಬರ್ ಹೇಳುವ ಮೊದಲೇ, ಉಸಿರೆಳೆದುಕೊಂಡ ಶಬ್ದದಿಂದಲೇ ಇಂಥವರು ಎಂದು ಗುರುತು ಹಿಡಿದು "ಗಿರಣಿಗೆ ತಾನೇ ಸಾರ್?" ಅನ್ನುವಳು. ಹಗಲೆಲ್ಲ ಮನೆಯಲ್ಲಿರುತ್ತಿದ್ದಳು, ಸಂಜೆ ಪಾಳಿಗೆ ಹೋಗುತ್ತಿದ್ದಳು. ಹೀಗಾಗಿ ಜಾಡಿ ಅಲುಗಿಸಿ ಇಟ್ಟು, ಗಸಿ ಎಷ್ಟು ಹೊತ್ತಿಗೆ ಇಳಿಯಿತು ಎಂದು ನೋಡುವ ಕೆಲಸ ಅವಳ ಪಾಲಿಗೆ ಬಂತು. ಅಲ್ಲೂ ಅದು ಬೇಗನೆ ಇಳಿಯಿತು. ಪಂಪಾಪತಿ ಗುಂಡಿಯನ್ನು ಏಳಕ್ಕೆ ಏರಿಸಿದ.

ಇಷ್ಟರಲ್ಲಿ ಊರಿನ ಅಡಿಗೆಮನೆಗಳಲ್ಲಿ ಬೇರೆಯೇ ಗಲಾಟೆ ಎದ್ದಿತ್ತು. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ನೋಡಿದರೆ ಮೇಲೆ ನೀರು, ಕೆಳಗೆ ಗಾರೆ. ಇಡ್ಲಿ ಕಲ್ಲಾಯಿತು. ಸಾರು ಒಲೆಯಿಂದ ಇಳಿಸುವಷ್ಟರಲ್ಲಿ ಬೇಳೆಯೆಲ್ಲ ತಳಕ್ಕೆ ಹೋಗಿ ಮನೆಮಂದಿಯೆಲ್ಲ ತಿಳಿಸಾರು ಉಣ್ಣುವಂತಾಯಿತು. ಇದಕ್ಕೆ ಕರಿಗುಡ್ಡದ ಹೆಂಗಸರು ಹುಡುಕಿದ ಕಾರಣ ಒಂದೇ, ಈ ವರ್ಷದ ಉದ್ದಿನಬೇಳೆ ಸರಿಯಿಲ್ಲ. ಅಂಗಡಿಯವರು ಬೈಸಿಕೊಂಡರು. ಸಾರಿಗೂ ಉದ್ದಿನಬೇಳೆಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ದೋಸೆ ಹೋಟೆಲಿನವರು ಹಿಟ್ಟು ತಿರುವುತ್ತಲೇ ಇರಲು ಒಬ್ಬ ಆಳನ್ನು ಹಾಕಿದರು. ಹಾಲಿನ ಮೇಲೆ ಮಾತ್ರ ಕೆನೆ ಬೇಗ ಬೇಗ ದಪ್ಪಗೆ ಕಟ್ಟತೊಡಗಿತು. ಗೌಳಿಗರನ್ನು ಹೊಗಳಿದ್ದು ಊರಿನ ಚರಿತ್ರೆಯಲ್ಲೇ ಅದು ಮೊದಲ ಸಲ. ಕೆಲವೇ ದಿನಗಳಲ್ಲಿ ಜನ ಇದಕ್ಕೆಲ್ಲ ಒಗ್ಗಿಕೊಂಡರು. ಸೌಟು ತಿರುವದೆ ಬಡಿಸಬಾರದು ಎಂಬುದು ಊರಿನ ಅಭ್ಯಾಸವಾಯಿತು. ಮಂಗಳಾ ಮಾತ್ರ ತನ್ನ ಕೈಗುಣವೇ ಕೆಟ್ಟಿತೆಂದು ಒಬ್ಬಳೇ ಕೂತು ಅತ್ತಳು.

ಗುಂಡಿ ಐದಕ್ಕೆ ಏರಿದ ದಿನಗಳಲ್ಲಿ ನೀಲಾಂಬಿಕೆಗೆ ಬೆನ್ನು ನೋವು ಶುರುವಾಗಿತ್ತು. ಎಕ್ಸ್‌ಚೇಂಜಿನ ಕುರ್ಚಿ ಬದಲಾಯಿಸಿದ್ದರು, ಅದರ ನೋವು. ಆದರೆ ಹಳೆಯ ಕಾಯಿಲೆ ಗೊತ್ತಿದ್ದ ಆಸ್ಪತ್ರೆಯ ಡಾಕ್ಟರ್ ಇಟಗಿಯವರು ಸುಮ್ಮನೆ ಬಿಡಲಿಲ್ಲ, ರಕ್ತ ತೆಗೆಸಿದರು. ಇ.ಎಸ್.ಆರ್. ಎಂಬ ಪರೀಕ್ಷೆ. ಅದರಲ್ಲಿ ರಕ್ತವನ್ನು ಕಡ್ಡಿಯಂಥ ಗಾಜಿನ ಕೊಳವೆಯಲ್ಲಿ ತುಂಬಿ, ಒಂದು ಗಂಟೆ ನೆಟ್ಟಗೆ ನಿಲ್ಲಿಸುತ್ತಾರೆ. ಕೆಂಪು ಕಣಗಳು ನಿಧಾನವಾಗಿ ಇಳಿದರೆ ಮೈ ನೆಟ್ಟಗಿದೆ ಎಂದು ಲೆಕ್ಕ. ಬೇಗ ಇಳಿದರೆ ಒಳಗೆಲ್ಲೋ ಕಾಯಿಲೆ ಕುಳಿತಿದೆ ಎಂದರ್ಥ. ನೀಲಾಂಬಿಕೆಯ ರಕ್ತ ಬಹಳ ಬೇಗ ಇಳಿದಿತ್ತು.

"ಹಳೇ ಬ್ಯಾನಿ ಮತ್ತ ಕೆದರೇತಿ" ಅಂದರು ಧಾರವಾಡ ಕಡೆಯ ಇಟಗಿ ಡಾಕ್ಟರು. "ಊರಾಗ ಈ ಸಲ ಭಾಳ ಮಂದಿಗೆ ಹಿಂಗ ಆಗೇತಿ. ಗಿರಣಿ ಧೂಳು. ದಿನಾ ಇಂಜೆಕ್ಷನ್ ತಗೋಬೇಕವಾ."

ದಿನಾ ಇಂಜೆಕ್ಷನ್ ಆಯಿತು. ಗುಂಡಿ ಏಳಕ್ಕೆ ಏರಿದ ಮೇಲೆ ಮತ್ತೆ ರಕ್ತ ನೋಡಿದರೆ ಮೊದಲಿಗಿಂತ ಹೆಚ್ಚು. ಇಂಜೆಕ್ಷನ್ ಮುಂದುವರಿಯಿತು. ಕ್ಷಯದ ಆ ಔಷಧಿಗೆ ಒಂದು ಕೆಟ್ಟ ಗುಣವಿತ್ತು, ಕೆಲವರ ಕಿವಿಯನ್ನು ಅದು ತಿನ್ನುತ್ತದೆ. ಡಾಕ್ಟರು ಹೇಳಿದ್ದರು, ಕಿವಿಯಲ್ಲಿ ಗುಂಯ್ ಅಂದರೆ ಕೂಡಲೇ ಬಾ ಎಂದಿದ್ದರು. ಆದರೆ ಪಾಳಿಯುದ್ದಕ್ಕೂ ಹೆಡ್‌ಫೋನ್ ಹಾಕುವವಳ ಕಿವಿಯಲ್ಲಿ ಯಾವತ್ತು ಗುಂಯ್ ಅನ್ನುವುದಿಲ್ಲ? ನೀಲಾಂಬಿಕೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಗಿರಣಿಗೆ ಕೊಡಬೇಕಾದ ಲೈನನ್ನು ಗಿರಣಿ ಮಾಲೀಕರ ಬೀಗರಿಗೆ ಕೊಟ್ಟು ಒಂದು ದಿನ ರಾದ್ಧಾಂತವಾಯಿತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಮನೆಯಲ್ಲಿ ರೇಡಿಯೋ ಜೋರಾಯಿತು. ಆಮೇಲೆ ಮಂಗಳಾ ಎರಡೆರಡು ಸಲ ಕರೆಯುವಂತಾಯಿತು.

ರಂಗಧಾಮಯ್ಯನವರು ಕೊನೆಯ ಸಲ ನೋಡಲು ಬರುವ ದಿನ ಗೊತ್ತಾಯಿತು. ಅವತ್ತು ವ್ಯತ್ಯಾಸ ತೋರಿಸದಿದ್ದರೆ ಫಲಕಗಳನ್ನು ಕಿತ್ತು ಗುಜರಿಗೆ ಹಾಕುವುದೆಂದು ಆದೇಶ. ಪಂಪಾಪತಿ ಊಟ ತಿಂಡಿ ಬಿಟ್ಟು ಓಡಾಡುತ್ತಿದ್ದ. ಒಂದು ಬೆಳಿಗ್ಗೆ ಕಿಟಕಿಯ ಹತ್ತಿರ ಜಾಡಿಯನ್ನು ನೋಡಿ ಹಲ್ಲು ಕಡಿದ. ನೀಲಾಂಬಿಕೆ ನಕ್ಕಳು.

"ಅಣ್ಣ, ನಿನ್ನ ಜಾಡೀನೂ ನನ್ನ ರಕ್ತಾನೂ ಒಂದೇ ಜಾತಿ ನೋಡು. ನಿಲ್ಸಿಬಿಟ್ಟು ಎಷ್ಟು ಬೇಗ ಇಳೀತು ಅಂತ ನೋಡೋದು. ಜಾಡಿ ಬೇಗ ಇಳಿದ್ರೆ ನಿಂಗೆ ಬ್ಯಾಸರ, ರಕ್ತ ಬೇಗ ಇಳಿದ್ರೆ ಡಾಕ್ಟ್ರಿಗೆ ಬ್ಯಾಸರ."

ಅವನೂ ನಕ್ಕು ಕೆಲಸಕ್ಕೆ ಹೋದ. ಕಂಟ್ರೋಲ್ ರೂಮಿನಲ್ಲಿ ಗುಂಡಿಯನ್ನು ಹತ್ತಕ್ಕೆ ತಿರುಗಿಸಲು ಕೈ ಇಟ್ಟವನು ಹಾಗೇ ನಿಂತುಬಿಟ್ಟ. ಐದಕ್ಕೆ ತಿರುಗಿಸಿದ ವಾರ ಅವಳ ಮೊದಲ ಪರೀಕ್ಷೆ. ಏಳಕ್ಕೆ ತಿರುಗಿಸಿದ ಮೇಲೆ ಎರಡನೆಯದು. ದೋಸೆ ಹಿಟ್ಟು. ಸಾರು. ಹಾಲಿನ ಕೆನೆ. ಊರಿನ ಅಡಿಯಲ್ಲಿ ಒಂದೇ ಬಂಡೆ. ಅರ್ಧ ಮೈಲಿ ದೂರ ಸಾಕು ಎಂದು ಅವನು ಅಂದುಕೊಂಡಿದ್ದು ಯಾವ ಧೈರ್ಯದ ಮೇಲೆ? ತಟ್ಟವ್ವ ತೊಟ್ಟಿಯನ್ನು ತಟ್ಟುತ್ತಿರಲಿಲ್ಲ, ಇಡೀ ಕರಿಗುಡ್ಡವನ್ನು ತಟ್ಟುತ್ತಿದ್ದಳು. ಸಾಕ್ಷಿಯೆಂದು ಎಲ್ಲಿಟ್ಟರೂ ಆ ಜಾಡಿಯೂ ಅವಳ ಮಡಿಲಲ್ಲೇ ಕೂತಿತ್ತು.

ಕೂಡಲೇ ಯಂತ್ರ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮೊದಲು ಸಾಬೀತಾಗಲಿ ಎಂದುಕೊಂಡ. ಇಂಜಿನಿಯರನ ಬುದ್ಧಿ.

ಮಂಗಳಾಳ ಅಣ್ಣನ ಮನೆ ಆ ಬಂಡೆಯಿಂದ ಬಹಳ ಆಚೆ, ರಾಣೆಬೆನ್ನೂರಿನಲ್ಲಿತ್ತು. ಮರುದಿನ ಬೆಳಗಿನ ಬಸ್ಸಿಗೆ ಪಂಪಾಪತಿ ತಂಗಿಯನ್ನು ಕಿಟಕಿಯ ಪಕ್ಕ ಕೂರಿಸಿ, ಜಾಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಟ. ಟಿಕೆಟ್ ಹರಿಯಲು ಬಂದ ಕಂಡಕ್ಟರ್ ಜಾಡಿಯ ಮೇಲೆಯೇ ಕಣ್ಣಿಟ್ಟ.

"ಏನ್ರೀ ಅದು, ಮಜ್ಜಿಗೇನಾ?"

"ಅಲ್ಲಪ್ಪ. ಔಷಧಿ."

"ಅಷ್ಟೊಂದಾ? ಯಾರಿಗ್ರೀ?"

"ಊರಿಗೆ" ಅಂದ ಪಂಪಾಪತಿ. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು ಹಿಂದಿನ ಸೀಟಿಗೆ ಹೋದ. ನೀಲಾಂಬಿಕೆ ಈ ಮಾತುಕತೆಗೆ ನಗಬೇಕಿತ್ತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಪ್ರಯೋಗಶಾಲೆಯಲ್ಲಿ ರಕ್ತ ಕೊಟ್ಟರು. ಕೊಳವೆಯನ್ನು ಒಳಗೆ ನಿಲ್ಲಿಸಿದರು. ಪಂಪಾಪತಿ ಹೊರಗಿನ ಕಟ್ಟೆಯ ಮೇಲೆ ಜಾಡಿಯನ್ನು ಚೆನ್ನಾಗಿ ಅಲುಗಿಸಿ ಇಟ್ಟ. ಒಳಗೊಮ್ಮೆ ಹೊರಗೊಮ್ಮೆ ಓಡಾಡಿದ. ಹೆರಿಗೆ ಕೋಣೆಯ ಹೊರಗಿನ ಗಂಡಸಿನ ಥರ ಇದ್ದಾನಲ್ಲ ಎಂದು ಅಲ್ಲಿನ ಕಂಪೌಂಡರ್ ನೋಡುತ್ತಿದ್ದ. ಹೊರಗೆ ಜಾಡಿ ಕದಡಿಕೊಂಡೇ ಇತ್ತು. ಕರಿಗುಡ್ಡದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಕನ್ನಡಿಯಾಗುತ್ತಿದ್ದ ನೀರು ಇಲ್ಲಿ ಹಟ ಹಿಡಿದ ಮಗುವಿನಂತೆ ಇಳಿಯಲೊಲ್ಲೆ ಎಂದು ಕೂತಿತ್ತು. ಗಂಟೆ ಕಳೆದಾಗ ಕಂಪೌಂಡರ್ ಒಳಗಿನಿಂದ ಹೇಳಿದ, "ಏನಿಲ್ರೀ, ನಾರ್ಮಲ್ ಐತಿ. ಆರಾಮ ಅದಾರ ನಿಮ್ಮ ತಂಗಿ."

ಪಂಪಾಪತಿಯ ಎದೆಯಲ್ಲಿ ಎರಡು ಸಂತೋಷ ಒಟ್ಟಿಗೇ ನುಗ್ಗಿದವು. ಯಂತ್ರ ಕೆಲಸ ಮಾಡುತ್ತದೆ. ನೀಲಾಳಿಗೆ ಏನೂ ಆಗಿಲ್ಲ. ಯಾವುದು ಮೊದಲು ನುಗ್ಗಿತೆಂದು ಕೇಳಿದರೆ ಅವನು ನಿಜ ಹೇಳುತ್ತಿರಲಿಲ್ಲ. ಹೊರಗೆ ಓಡಿ ಬಂದ. ತಂಗಿ ಕಟ್ಟೆಯ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತಿದ್ದಳು.

"ನೀಲಾ! ನಿಂಗೇನೂ ಆಗಿಲ್ಲ ಕಣವ್ವಾ! ರಕ್ತ ಚೊಕ್ಕ ಐತೆ!"

ಬೀದಿಯಲ್ಲಿ ಹೋಗುತ್ತಿದ್ದ ಬಾಳೆಹಣ್ಣಿನ ಗಾಡಿಯವನು ತಿರುಗಿ ನೋಡಿದ. ಎದುರು ಅಂಗಡಿಯವನು ತಿರುಗಿ ನೋಡಿದ. ಒಳಗಿನಿಂದ ಕಂಪೌಂಡರ್ ಇಣುಕಿದ. ನೀಲಾಂಬಿಕೆಯೊಬ್ಬಳು ತಿರುಗಲಿಲ್ಲ. ಜಾಡಿಯನ್ನೇ ನೋಡುತ್ತ ಕೂತಿದ್ದಳು. ಪಂಪಾಪತಿ ಇನ್ನೊಮ್ಮೆ ಕೂಗಿದ, ಮತ್ತೊಮ್ಮೆ ಕೂಗಿದ. ಆಮೇಲೆ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತ.

ಕರಿಗುಡ್ಡಕ್ಕೆ ಬಂದವನೇ ಇಟಗಿ ಡಾಕ್ಟರ ಮುಂದೆ ಎಲ್ಲ ಹೇಳಿದ. ಡಾಕ್ಟರು ಬಹಳ ಹೊತ್ತು ಕನ್ನಡಕ ಒರೆಸಿದರು. ಇಂಜೆಕ್ಷನ್ ಅವತ್ತೇ ನಿಂತಿತು, ನೀಲಾಂಬಿಕೆಯದಷ್ಟೇ ಅಲ್ಲ, ಸಾಲಿನಲ್ಲಿ ನಿಂತಿದ್ದ ಎಷ್ಟೋ ಜನರದು.

"ಹೋದ ಕಿವಿ ತಿರುಗಿ ಬರೂದಿಲ್ರೀ" ಅಂದರು ಡಾಕ್ಟರು. "ಇನ್ನೊಂದ್ ಮಾತು. ಕೊಳವ್ಯಾಗ ಹಿಂಗ ಇಳಿಯೂ ರಕ್ತ, ಮೈಯಾಗ ಏನ್ ಮಾಡಾಕತ್ತೇತಿ ಅನ್ನೂದು ನನಗ ಗೊತ್ತಿಲ್ಲ. ನಿಮಗ ಗೊತ್ತೈತೇನು?"



ರಂಗಧಾಮಯ್ಯನವರು ಬಂದ ದಿನ ಅವನು ಏನನ್ನೂ ಮುಚ್ಚಿಡಲಿಲ್ಲ. ಬಂಡೆ, ಜಾಡಿ, ಹಿಟ್ಟು, ರಕ್ತ, ತಂಗಿಯ ಕಿವಿ, ಎಲ್ಲ ಹೇಳಿದ. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು.

"ಅಂದ್ರೆ ನಿಮ್ಮ ಯಂತ್ರ ಕೆಲಸ ಮಾಡುತ್ತೆ ಅಂತಾಯ್ತಲ್ರೀ!"

"ಸಾರ್, ಆದ್ರೆ ಊರಿಗೇ..."

"ಅರ್ಥ ಆಯ್ತು. ತಂಗಿ ವಿಷಯ ಕೇಳಿ ಬೇಜಾರಾಯ್ತು, ನಿಜವಾಗ್ಲೂ. ಆದ್ರೆ ಒಂದು ಯೋಚನೆ ಮಾಡಿ. ಗಿರಣಿಪಾಳ್ಯದಲ್ಲಿ ಈ ಬೇಸಿಗೆ ಒಬ್ಬರಿಗೂ ವಾಂತಿಭೇದಿ ಆಗಿಲ್ಲ. ಅದು ಸುಳ್ಳಾ? ನಾಲ್ಕಕ್ಕೆ ಇಳಿಸಿ ನಡೆಸಿ. ರಕ್ತಪರೀಕ್ಷೆ ಬೇರೆ ಊರಲ್ಲಿ ಮಾಡಿಸ್ಲಿ. ಮುಂದಿನ ವರ್ಷ ಇನ್ನೂ ನಾಲ್ಕು ಊರಿಗೆ ಹಾಕೋಣ, ನಿಮ್ಮ ಹೆಸರಲ್ಲೇ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪಾಳ್ಯದ ಮಕ್ಕಳನ್ನು ಪಂಪಾಪತಿ ದಿನಾ ನೋಡುತ್ತಿದ್ದ. ಎರಡು ವರ್ಷ ನಿದ್ದೆಗೆಟ್ಟದ್ದೂ ಅವನಿಗೆ ಮರೆತಿರಲಿಲ್ಲ. ಗುಂಡಿಯನ್ನು ನಾಲ್ಕಕ್ಕೆ ಇಳಿಸಿದ. ಮನೆಗೆ ಹೋಗಿ ಮಂಗಳಾಳಿಗೆ "ನಿಲ್ಲಿಸಿದೆ" ಅಂದ. ಹಾಗೆ ಯಾಕೆ ಅಂದೆನೆಂದು ಅವನಿಗೇ ಗೊತ್ತಾಗಲಿಲ್ಲ, ಮಾತು ಬಾಯಿಂದ ಹೊರಟುಹೋಗಿತ್ತು. ನೀಲಾಂಬಿಕೆಯ ಮುಂದೆ ನಿಂತು, ತುಟಿ ಕಾಣುವಂತೆ ಅದನ್ನೇ ಇನ್ನೊಮ್ಮೆ ಹೇಳಿದ. ಅವಳು ತಲೆಯಾಡಿಸಿದಳು.

ನಾಲ್ಕರಲ್ಲಿ ಹಿಟ್ಟು ಮೊದಲಿನಷ್ಟು ಒಡೆಯಲಿಲ್ಲ. ಮಂಗಳಾಳ ಕೈಗುಣ ಮರಳಿತು. ನೀಲಾಂಬಿಕೆಯನ್ನು ಎಕ್ಸ್‌ಚೇಂಜಿನ ಬೋರ್ಡಿನಿಂದ ಎಬ್ಬಿಸಿ ಫೈಲು ಜೋಡಿಸುವ ಮೇಜಿಗೆ ಹಾಕಿದರು. ಹೆಡ್‌ಫೋನನ್ನು ತನ್ನ ಜಾಗಕ್ಕೆ ಬಂದ ಹುಡುಗಿಯ ತಲೆಗೆ ತಾನೇ ಕೂರಿಸಿ ಬಂದಳಂತೆ. ಮನೆಯಲ್ಲಿ ಅವಳು ನೆಲದ ಮೇಲೆ ಕೂರುವುದು ಹೆಚ್ಚಾಯಿತು. ಅಂಗೈಯನ್ನು ಕಲ್ಲುಹಾಸಿಗೆ ಒತ್ತಿ ಕೂತರೆ ಬಾಗಿಲು ತೆಗೆದದ್ದು, ಯಾರೋ ನಡೆದು ಬಂದದ್ದು ಗೊತ್ತಾಗುತ್ತದೆ ಎನ್ನುತ್ತಿದ್ದಳು. ಹಜಾರದಲ್ಲಿ ಬಂದದ್ದು ಅಣ್ಣನೋ ಅತ್ತಿಗೆಯೋ ಎಂದು ತಿರುಗದೇ ಹೇಳುತ್ತಿದ್ದಳು. ಉಸಿರಿನಿಂದ ಸಾಹುಕಾರರನ್ನು ಗುರುತಿಸುತ್ತಿದ್ದವಳಿಗೆ ಅದೇನೂ ಕಷ್ಟವಾಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಪಂಪಾಪತಿ ಪಕ್ಕದಲ್ಲಿ ಪೇಪರ್ ಓದುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ ಹೇಳಿದಳು. ತನ್ನ ದನಿ ತನಗೆ ಕೇಳದ್ದರಿಂದ ಮಾತು ಬೇಕಾದ್ದಕ್ಕಿಂತ ಜೋರಾಗಿತ್ತು.

"ಅಣ್ಣ, ಅದು ನಿಂತಿಲ್ಲ."

ಅವನು ನಿಂತಿದೆ ಎಂದು ತುಟಿಯಾಡಿಸಿದ. ಅವಳು ಅವನ ಕೈ ಹಿಡಿದು ಅಂಗೈಯನ್ನು ನೆಲಕ್ಕೆ ಒತ್ತಿದಳು. ಅವನಿಗೆ ಕಲ್ಲಿನ ತಂಪು ಬಿಟ್ಟು ಬೇರೇನೂ ಗೊತ್ತಾಗಲಿಲ್ಲ.

"ನಿಂಗೆ ಗೊತ್ತಾಗಲ್ಲ" ಅಂದಳು. "ನಿಂಗೆ ಕಿವಿ ಕೇಳ್ಸುತ್ತಲ್ಲ."

ಅದರಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಒಳಗಿನಿಂದ ಮಂಗಳಾ ಸೌಟು ಹಿಡಿದೇ ಬಂದು ಗಂಡನ ಮುಖ ನೋಡಿದಳು.

"ಎಷ್ಟಕ್ಕಿಟ್ಟೀಯ?" ಕೇಳಿದಳು ನೀಲಾಂಬಿಕೆ.

ಪಂಪಾಪತಿ ನೆಲದ ಮೇಲಿಂದ ಕೈಯೆತ್ತಿ ನಾಲ್ಕು ಬೆರಳು ತೋರಿಸಿದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಸೋಮವಾರ ಅವನು ಎರಡು ಕೆಲಸ ಮಾಡಿದ. ಬಂಡೆ ಸಿಡಿಸಿ ಎರಡನೆಯ ಟ್ಯಾಂಕು ತೋಡಬೇಕು, ವರ್ಷಗಟ್ಟಲೆ ಹಿಡಿದರೂ ಚಿಂತೆಯಿಲ್ಲ ಎಂದು ರಂಗಧಾಮಯ್ಯನವರಿಗೆ ಟ್ರಂಕ್ ಕಾಲ್ ಮಾಡಿ ಹೇಳಿದ. ಅವರು ಇಂಥ ಹುಚ್ಚನನ್ನು ಕಂಡಿಲ್ಲ ಅಂದರು, ವರ್ಗಾವಣೆಯ ಮಾತಾಡಿದರು, ಫೋನಿಟ್ಟರು. ಟ್ಯಾಂಕು ತಯಾರಾಗುವ ತನಕ ಗಿರಣಿಪಾಳ್ಯದ ಬಾವಿಗಳಿಗೆ ದಿನಾ ಬ್ಲೀಚಿಂಗ್ ಪೌಡರ್ ಹಾಕಿಸುವ, ಮನೆಮನೆಗೆ ಹೋಗಿ ನೀರು ಕಾಯಿಸಿ ಕುಡಿಯಿರಿ ಎಂದು ಹೇಳುವ ಕೆಲಸವನ್ನು ತನ್ನ ತಲೆಗೇ ಹಾಕಿಕೊಂಡ. ಅದು ಸಾಲುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಬೇಸಿಗೆ ಬಂದಾಗ ತಿಳಿಯುತ್ತದೆ ಅಂದುಕೊಂಡ. ಅಂದುಕೊಂಡಾಗ ಹೆದರಿಕೆಯೂ ಆಯಿತು.

ಅವತ್ತು ಸಂಜೆ ನೀಲಾಂಬಿಕೆಯನ್ನು ತೊಟ್ಟಿಯ ಹತ್ತಿರ ಕರೆದುಕೊಂಡು ಹೋದ. ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯನ್ನು ತೊಟ್ಟಿಯ ಗೋಡೆಗೆ ಒತ್ತಿ ನಿಂತಳು. ಪಂಪಾಪತಿ ಕಂಟ್ರೋಲ್ ರೂಮಿಗೆ ಹೋಗಿ, ಕಿಟಕಿಯಿಂದ ಅವಳನ್ನು ನೋಡುತ್ತ ಗುಂಡಿಯನ್ನು ಸೊನ್ನೆಗೆ ತಿರುಗಿಸಿದ. ಮೇನ್ ಸ್ವಿಚ್ಚನ್ನೂ ಎಳೆದ. ಯಾವ ಸದ್ದೂ ಬದಲಾಗಲಿಲ್ಲ, ಸದ್ದೇ ಇರಲಿಲ್ಲವಲ್ಲ. ಕೆಲಸದವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ನೀರು ಮಾತ್ರ ಅಂಚಿನಲ್ಲಿ ಸ್ವಲ್ಪ ಸ್ವಲ್ಪವೇ ಬಗ್ಗಡವಾಗತೊಡಗಿತು. ಅವನು ಹೊರಗೆ ಬಂದು ತಂಗಿಯ ಹಿಂದೆ ನಿಂತ.

ಅವಳು ಗೋಡೆಯ ಮೇಲಿನ ಕೈ ತೆಗೆಯದೆ, ಕೆಲಸದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು.

"ಈಗ ನಿಂತಿತು."

"ಹೂಂ" ಅಂದ ಪಂಪಾಪತಿ. ಆಮೇಲೆ ನೆನಪಾಗಿ ಅವಳ ಮುಂದಕ್ಕೆ ಹೋಗಿ ನಿಂತು ತಲೆಯಾಡಿಸಿದ.